ಎರಡು ಪುಟ್ಟ ಪದಗಳ ದೀರ್ಘ ಚರಿತ್ರೆ: ಬೆಳೆದ ಮೇಲೆ ‘ಎ’, ‘ದಿ’ ಕಲಿಯುವ ಬಗೆ



1969ರ ಜುಲೈ 21. ಭಾರತದ ಗಡಿಯಾರದಲ್ಲಿ ಬೆಳಗಿನ ಎಂಟು ಗಂಟೆ ಇಪ್ಪತ್ತಾರು ನಿಮಿಷ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ನೆಲದ ಮೇಲೆ ಎಡಗಾಲು ಇಟ್ಟರು. ಇಟ್ಟು ಒಂದು ಮಾತು ಹೇಳಿದರು. ಒಬ್ಬ ಮನುಷ್ಯನಿಗೆ ಇದು ಸಣ್ಣ ಹೆಜ್ಜೆ, ಮನುಕುಲಕ್ಕೆ ದೊಡ್ಡ ನೆಗೆತ ಎಂಬುದು ಅದರ ತಾತ್ಪರ್ಯ. ಆದರೆ ಭೂಮಿಗೆ ತಲುಪಿದ ಧ್ವನಿಯಲ್ಲಿ ಒಂದು ಪದ ಕೇಳಿಸಲೇ ಇಲ್ಲ. ‘ಎ ಮ್ಯಾನ್’ ಎನ್ನಬೇಕಾದಲ್ಲಿ ಬರಿಯ ‘ಮ್ಯಾನ್’ ಎಂದಂತೆ ಕೇಳಿಸಿತು. ಇಂಗ್ಲಿಷಿನಲ್ಲಿ ‘ಎ ಮ್ಯಾನ್’ ಎಂದರೆ ಒಬ್ಬ ಮನುಷ್ಯ; ಬರಿಯ ‘ಮ್ಯಾನ್’ ಎಂದರೆ ಇಡೀ ಮನುಷ್ಯಜಾತಿ. ಆ ಒಂದು ಅಕ್ಷರ ಬಿಟ್ಟುಹೋದರೆ ಮಾತಿನ ಎರಡು ಭಾಗಕ್ಕೂ ಅರ್ಥ ಒಂದೇ ಆಗಿ, ಹೋಲಿಕೆಯೇ ಮುರಿದುಬೀಳುತ್ತದೆ. ತಾನು ‘ಎ’ ಹೇಳಬೇಕೆಂದೇ ಇದ್ದೆ ಎಂದು ಆರ್ಮ್‌ಸ್ಟ್ರಾಂಗ್ ಆಮೇಲೆ ತಿಳಿಸಿದರು. 2006ರಲ್ಲಿ ಆಸ್ಟ್ರೇಲಿಯಾದ ಒಬ್ಬ ತಂತ್ರಜ್ಞರು ಧ್ವನಿಮುದ್ರಿಕೆಯನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿ, ಆ ‘ಎ’ಯ ಕುರುಹು ಸಿಕ್ಕಿತೆಂದರು. ಬೇರೆ ತಜ್ಞರು ಒಪ್ಪಲಿಲ್ಲ.

ಇಂಗ್ಲಿಷ್ ತಾಯಿನುಡಿಯಾಗಿದ್ದವರ ಬಾಯಲ್ಲೇ ಇಷ್ಟು ಸುಲಭವಾಗಿ ಕಳೆದುಹೋಗುವ ಈ ಪದ, ಬೆಳೆದ ಮೇಲೆ ಇಂಗ್ಲಿಷ್ ಕಲಿಯುವ ನಮ್ಮನ್ನು ಕಾಡುವುದರಲ್ಲಿ ಆಶ್ಚರ್ಯವಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಸ್ಟುಡಿಯೋಗೆ ಬಿ.ಎಸ್ಸಿ. ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಚಿತ್ರೀಕರಣಕ್ಕೆ ಮೊದಲು ಗ್ರಹಣದ ವಿಷಯವನ್ನು ಕನ್ನಡದಲ್ಲಿ ಸೊಗಸಾಗಿ ವಿವರಿಸಿದಳು. ಹೊರರಾಜ್ಯದ ಅತಿಥಿಯೊಬ್ಬರಿಗೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಮ್ಮ ಎಂದಾಗ ಮಾತ್ರ ಬಾಯಿ ಬಿಡಲಿಲ್ಲ. “ಎಲ್ಲಿ ‘ದಿ’ ಹಾಕಬೇಕೋ ಗೊತ್ತಾಗಲ್ಲ ಸಾರ್, ಎಲ್ಲರೂ ನಗ್ತಾರೆ” ಎಂದಳು. ಅವಳ ಪ್ರಶ್ನೆ ಆ ದಿನ ಕಾರ್ಯಕ್ರಮದಲ್ಲಿ ಬರಲೇ ಇಲ್ಲ. ಅಂಥ ಪ್ರಶ್ನೆ ನಿಮ್ಮಲ್ಲಿ ಎಷ್ಟೋ ಜನರ ಗಂಟಲಲ್ಲೂ ಉಳಿದಿರಬಹುದು. ಆದ್ದರಿಂದಲೇ ಈ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಅಜ್ಜಿಯ ಕಥೆಯಲ್ಲಿ ಇರುವುದೇನು?

ಮೊದಲು ನಮ್ಮ ಮನೆಯನ್ನೇ ನೋಡೋಣ. “ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡತಿಯರು.” ಇಂಥ ಆರಂಭವನ್ನು ಕೇಳದೆ ಬೆಳೆದವರು ಯಾರು? ಇದರಲ್ಲಿ ಇಂಗ್ಲಿಷ್ ಆರ್ಟಿಕಲ್‌ಗಳ ಮೂಲಸೂತ್ರವೇ ಅಡಗಿದೆ. ಕೇಳುವವರಿಗೆ ರಾಜ ಇನ್ನೂ ಅಪರಿಚಿತ, ಅದಕ್ಕೆ ‘ಒಬ್ಬ’. ಎರಡನೆಯ ಸಲಕ್ಕೆ ಅವನು ಪರಿಚಿತ, ಅದಕ್ಕೆ ‘ಆ’. ಇಂಗ್ಲಿಷಿನವರು ಮೊದಲನೆಯ ಕಡೆ ‘ಎ’ ಹಾಕುತ್ತಾರೆ, ಎರಡನೆಯ ಕಡೆ ‘ದಿ’.

ಹಾಗಾದರೆ ತೊಡಕು ಎಲ್ಲಿ? “ರಾಜನಿಗೆ ಇಬ್ಬರು ಹೆಂಡತಿಯರು” ಎಂದು ‘ಆ’ ಬಿಟ್ಟು ಹೇಳಿದರೂ ಕನ್ನಡದಲ್ಲಿ ತಪ್ಪಿಲ್ಲ. ನಮಗೆ ಅದು ಐಚ್ಛಿಕ, ಇಂಗ್ಲಿಷಿನವರಿಗೆ ಕಡ್ಡಾಯ. ಎಣಿಸಬಹುದಾದ ವಸ್ತುವಿನ ಹೆಸರನ್ನು ಏಕವಚನದಲ್ಲಿ ಹೇಳುವಾಗ ಅವರು ಸಾಮಾನ್ಯವಾಗಿ ‘ಎ’, ‘ದಿ’ ಅಥವಾ ಅಂಥದೇ ಇನ್ನೊಂದು ಪದವನ್ನು ಇಡಲೇಬೇಕು. ಭಾವನೆ ನಮ್ಮಲ್ಲೂ ಇದೆ. ಕಡ್ಡಾಯದ ಗುರುತು ಮಾತ್ರ ಇಲ್ಲ.

ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ತೆರೆಯಿರಿ. ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಿವೆ. ಆರ್ಟಿಕಲ್‌ಗೆ ಒಂದು ಪ್ರಕರಣವಿಲ್ಲ. ಅದರ ಅಗತ್ಯ ಕನ್ನಡಕ್ಕೆ ಇರಲಿಲ್ಲ. ಸಂಸ್ಕೃತಕ್ಕೂ ಇರಲಿಲ್ಲ, ಹಿಂದಿ, ರಷ್ಯನ್, ಚೀನೀ, ಜಪಾನಿ, ಕೊರಿಯನ್ ಭಾಷೆಗಳಲ್ಲೂ ಇಂಗ್ಲಿಷಿನಂಥ ಆರ್ಟಿಕಲ್ ಇಲ್ಲ. ನಾವು ಒಂಟಿಯಲ್ಲ.

ಗ್ರೀಕರು, ರೋಮನರು, ಇಂಗ್ಲಿಷರು

ಆರ್ಟಿಕಲ್‌ಗೆ ಒಂದು ಹೆಸರು ಕೊಟ್ಟವರು ಗ್ರೀಕರು. ಅವರು ಅದನ್ನು ‘ಆರ್ಥ್ರಾನ್’ ಎಂದರು, ಎಂದರೆ ಕೀಲು. ಕೀಲುನೋವಿಗೆ ‘ಆರ್ಥ್ರೈಟಿಸ್’ ಎನ್ನುತ್ತೇವಲ್ಲ, ಅದೇ ಮೂಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಡಯೊನೀಸಿಯಸ್ ಥ್ರಾಕ್ಸ್ ಎಂಬ ವಿದ್ವಾಂಸನ ಹೆಸರಿನಲ್ಲಿ ಬಂದಿರುವ ವ್ಯಾಕರಣದಲ್ಲಿ ಪದಗಳನ್ನು ಎಂಟು ವರ್ಗಗಳಾಗಿ ವಿಂಗಡಿಸಲಾಗಿದೆ. ಆ ಎಂಟರಲ್ಲಿ ಆರ್ಥ್ರಾನ್ ಒಂದು.

ರೋಮನರು ಗ್ರೀಕರ ಭಾಷೆಯನ್ನು ಕಲಿಯತೊಡಗಿದರು. ಅವರ ಲ್ಯಾಟಿನ್ನಿನಲ್ಲಿ ಆರ್ಟಿಕಲ್ ಇರಲಿಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ಶಿಕ್ಷಣತಜ್ಞ ಕ್ವಿಂಟಿಲಿಯನ್, ನಮ್ಮ ಭಾಷೆಗೆ ಅದು ಬೇಕಿಲ್ಲ ಎಂದೇ ಬರೆದಿದ್ದಾನೆ. ಆದರೂ ಗ್ರೀಕರಲ್ಲಿ ಎಂಟು ವರ್ಗಗಳಿದ್ದ ಮೇಲೆ ತಮ್ಮಲ್ಲೂ ಎಂಟು ಇರಬೇಡವೇ? ಲ್ಯಾಟಿನ್ ವ್ಯಾಕರಣಕಾರರು ಆರ್ಟಿಕಲ್ ತೆಗೆದು, ‘ಅಯ್ಯೋ’, ‘ಆಹಾ’ ಮೊದಲಾದ ಭಾವಸೂಚಕಗಳನ್ನು ಪ್ರತ್ಯೇಕ ವರ್ಗವಾಗಿಸಿ ಲೆಕ್ಕ ಸರಿದೂಗಿಸಿದರು. ಆರ್ಟಿಕಲ್ ಇಲ್ಲದ ಭಾಷೆಯವರು ಆರ್ಟಿಕಲ್ ಇರುವ ಭಾಷೆಯನ್ನು ಕಲಿಯುವ ಕಷ್ಟ ಎರಡು ಸಾವಿರ ವರ್ಷಕ್ಕೂ ಹಳೆಯದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಆರ್ಟಿಕಲ್ ಬೇಡವೆಂದ ಲ್ಯಾಟಿನ್ನಿನ ಮಕ್ಕಳಾದ ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳೆಲ್ಲ ಮುಂದೆ ಆರ್ಟಿಕಲ್‌ಗಳನ್ನು ಬೆಳೆಸಿಕೊಂಡವು. ‘ಆ’ ಎಂಬ ಅರ್ಥದ ‘ಇಲ್ಲೆ’ ಎಂಬ ಪದ ಸವೆದು ಫ್ರೆಂಚಿನ ‘ಲ’, ಸ್ಪ್ಯಾನಿಷಿನ ‘ಎಲ್’ ಆಯಿತು. ‘ಒಂದು’ ಎಂಬ ಅರ್ಥದ ‘ಊನುಸ್’ ಸವೆದು ಇನ್ನೊಂದು ಆರ್ಟಿಕಲ್ ಆಯಿತು. ಇಂಗ್ಲಿಷಿನಲ್ಲೂ ಇದೇ ನಡೆಯಿತು. ಹಳೆಯ ಇಂಗ್ಲಿಷಿನಲ್ಲಿ ಈಗಿನ ‘ಎ’ಯಂಥ ಕಡ್ಡಾಯದ ಪದವಿರಲಿಲ್ಲ. ‘ಆನ್’ ಎಂದರೆ ಒಂದು. ಅದೇ ‘ಆ್ಯನ್’ ಆಗಿ, ‘ಎ’ ಆಗಿ ಕಿರಿದಾಯಿತು. ‘ಒನ್’ ಎಂಬ ಸಂಖ್ಯೆಯೂ ಅದೇ ಬೇರಿನದು. ‘ದಿ’ ಮತ್ತು ‘ದಟ್’ ಕೂಡ ಒಂದೇ ಕುಟುಂಬದವು. ಅಜ್ಜಿಯ ಕಥೆಯ ‘ಒಬ್ಬ’ ಮತ್ತು ‘ಆ’ಗಳನ್ನು ಮತ್ತೆ ನೆನೆಯಿರಿ. ಅವರ ಪದಗಳು ಸವೆದು ಕಡ್ಡಾಯದ ಗುರುತುಗಳಾದವು, ನಮ್ಮವು ಇನ್ನೂ ಪೂರ್ಣಪದಗಳಾಗಿ ಉಳಿದಿವೆ.

ಕನ್ನಡಕ್ಕೆ ಬಂದವರು, ಇಂಗ್ಲಿಷಿಗೆ ಹೋದವರು

ನಮ್ಮ ನಾಡಿನಲ್ಲಿ ಈ ವಿನಿಮಯ ಎರಡೂ ದಿಕ್ಕಿನಲ್ಲಿ ನಡೆದಿದೆ. 1817ರಲ್ಲಿ ಸೆರಾಂಪುರದಿಂದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಹೊರಬಂತು. 1820ರಲ್ಲಿ ಮದರಾಸಿನಿಂದ ಮೆಕೆರೆಲ್‌ನ ವ್ಯಾಕರಣ ಬಂತು. 1853ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ ಇಲ್ಲಿಗೆ ಬಂದ ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಮಹಾನಿಘಂಟನ್ನೇ ಕೊಟ್ಟರು. ಇವರೆಲ್ಲ ಆರ್ಟಿಕಲ್ ಇರುವ ಭಾಷೆಗಳಲ್ಲಿ ಬೆಳೆದು, ವಯಸ್ಕರಾದ ಮೇಲೆ ಆರ್ಟಿಕಲ್ ಇಲ್ಲದ ಕನ್ನಡವನ್ನು ಕಲಿತವರು. ಅವರು ಇದ್ದ ಗುರುತನ್ನು ಬಿಟ್ಟರೆ ಸಾಕಿತ್ತು. ನಾವು ಇಲ್ಲದ ಗುರುತನ್ನು ಕಟ್ಟಿಕೊಳ್ಳಬೇಕು.

1835ರ ಮೆಕಾಲೆಯ ಟಿಪ್ಪಣಿಯ ನಂತರ ಇಂಗ್ಲಿಷ್ ವಿದ್ಯಾಭ್ಯಾಸ ಹರಡಿದಂತೆಲ್ಲ ಆರ್ಟಿಕಲ್‌ಗಳು ನಮ್ಮ ತರಗತಿಗಳಿಗೆ ನಿಯಮಗಳ ಪಟ್ಟಿಯಾಗಿ ಬಂದವು. ನದಿಗಳಿಗೆ ‘ದಿ’ ಹಾಕಿ, ಊರುಗಳಿಗೆ ಹಾಕಬೇಡಿ. ಪರ್ವತಶ್ರೇಣಿಗೆ ಹಾಕಿ, ಒಂಟಿ ಶಿಖರಕ್ಕೆ ಬೇಡ. 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ವ್ಯಾಕರಣವನ್ನು ನಿಮ್ಮ ತಾತಂದಿರೂ ಉರುಹಚ್ಚಿರಬಹುದು. ಪಟ್ಟಿ ಸರಿಯಾಗಿಯೇ ಇತ್ತು. ಆದರೂ ಅದನ್ನು ಬಾಯಿಪಾಠ ಮಾಡಿದವರು ಮಾತಾಡುವಾಗ ತಡವರಿಸುವುದು ನಿಲ್ಲಲಿಲ್ಲ. ಏಕೆ?

ತಪ್ಪುಗಳ ವಿಜ್ಞಾನ

ಈ ಪ್ರಶ್ನೆಗೆ ವೈಜ್ಞಾನಿಕವಾಗಿ ಉತ್ತರ ಹುಡುಕುವ ಕೆಲಸ ಮುಖ್ಯವಾಗಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಡೆಯಿತು. 1957ರಲ್ಲಿ ಅಮೆರಿಕದ ರಾಬರ್ಟ್ ಲಾಡೊ ಹೇಳಿದ್ದು ಇದು: ತಾಯಿನುಡಿಗೂ ಕಲಿಯುವ ನುಡಿಗೂ ಎಲ್ಲಿ ವ್ಯತ್ಯಾಸವೋ ಅಲ್ಲೇ ಕಷ್ಟ. 1967ರಲ್ಲಿ ಬ್ರಿಟನ್ನಿನ ಪಿಟ್ ಕಾರ್ಡರ್ ದೃಷ್ಟಿಯನ್ನು ಬದಲಿಸಿದರು. ಕಲಿಯುವವನ ತಪ್ಪು ಅಳಿಸಿಹಾಕಬೇಕಾದ ಕಸವಲ್ಲ, ಅವನ ಮನಸ್ಸು ಯಾವ ನಿಯಮವನ್ನು ಪ್ರಯೋಗಿಸಿ ನೋಡುತ್ತಿದೆ ಎಂಬುದರ ಸಾಕ್ಷ್ಯ ಎಂದರು. 1972ರಲ್ಲಿ ಲ್ಯಾರಿ ಸೆಲಿಂಕರ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಕಲಿಯುವವರು ಆಡುವುದು ತಾಯಿನುಡಿಯೂ ಅಲ್ಲ, ಗುರಿಯ ನುಡಿಯೂ ಅಲ್ಲ. ತನ್ನದೇ ಕಟ್ಟಳೆಗಳಿರುವ ಒಂದು ನಡುಭಾಷೆ. ಅದರ ಕೆಲವು ಭಾಗಗಳು ಬೆಳೆಯುತ್ತಾ ಹೋಗುತ್ತವೆ, ಕೆಲವು ಪಳೆಯುಳಿಕೆಯಂತೆ ಗಟ್ಟಿಯಾಗಿ ನಿಂತುಬಿಡುತ್ತವೆ.

ಇದೇ ಸಮಯದಲ್ಲಿ, 1973ರಲ್ಲಿ, ಹಾರ್ವರ್ಡಿನ ರೋಜರ್ ಬ್ರೌನ್ ಇಂಗ್ಲಿಷ್ ಮನೆಗಳ ಮೂವರು ಮಕ್ಕಳ ಮಾತನ್ನು ದೀರ್ಘಕಾಲ ದಾಖಲಿಸಿ ಗ್ರಂಥ ಬರೆದರು. ಅವರು ಗಮನಿಸಿದ ಹದಿನಾಲ್ಕು ವ್ಯಾಕರಣ ಅಂಶಗಳಲ್ಲಿ ಆರ್ಟಿಕಲ್ ಕೈವಶವಾದದ್ದು ಎಂಟನೆಯದಾಗಿ. ತಾಯಿನುಡಿಯ ಮಕ್ಕಳಿಗೂ ಅದು ಮೊದಲ ತುತ್ತಲ್ಲ. 1974ರಲ್ಲಿ ಬೇಯ್ಲಿ, ಮ್ಯಾಡನ್ ಮತ್ತು ಕ್ರಾಷೆನ್ ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ವಯಸ್ಕರನ್ನು ಪರೀಕ್ಷಿಸಿದರು. ತಾಯಿನುಡಿ ಯಾವುದೇ ಇರಲಿ, ಯಾವ ಅಂಶ ಸುಲಭ, ಯಾವುದು ಕಠಿಣ ಎಂಬ ಕ್ರಮ ಬಹುಮಟ್ಟಿಗೆ ಒಂದೇ ಎಂಬ ತೀರ್ಮಾನಕ್ಕೆ ಬಂದರು. ಲಾಡೊ ಹೇಳಿದ್ದು ತಪ್ಪೆಂದು ಹಲವರಿಗೆ ಅನಿಸಿತು.

ಆದರೆ ವಿಜ್ಞಾನದಲ್ಲಿ ಕೊನೆಯ ಮಾತು ಎಂಬುದು ಅಪರೂಪ. 2009ರಲ್ಲಿ ಲುಕ್ ಮತ್ತು ಶಿರಾಯ್ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಒಟ್ಟುಗೂಡಿಸಿ ನೋಡಿದರು. ಜಪಾನಿ, ಕೊರಿಯನ್, ಚೀನೀ ಭಾಷಿಕರು ಆರ್ಟಿಕಲ್ ಮತ್ತು ಬಹುವಚನವನ್ನು ಆ ‘ಸಾರ್ವತ್ರಿಕ’ ಕ್ರಮಕ್ಕಿಂತ ತಡವಾಗಿ ಕಲಿಯುತ್ತಾರೆ, ಷಷ್ಠಿಯ ಗುರುತನ್ನು ಬೇಗ ಕಲಿಯುತ್ತಾರೆ ಎಂದು ತೋರಿಸಿದರು. ತಾಯಿನುಡಿಯ ಪ್ರಭಾವ ಹೀಗೆ ಮತ್ತೆ ಲೆಕ್ಕಕ್ಕೆ ಬಂತು.

ಒಬ್ಬ ಯುವಕನ ಕಥೆ

ಅಂಕಿಅಂಶಗಳಿಗಿಂತ ಒಬ್ಬ ವ್ಯಕ್ತಿಯ ಕಥೆ ಹೆಚ್ಚು ತಿಳಿಸುವುದುಂಟು. ಭಾಷಾವಿಜ್ಞಾನಿ ಥಾಮ್ ಹ್ಯೂಬ್ನರ್ 1983ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ‘ಗೆ’ ಎಂದು ಕರೆಯಲಾದ ಯುವಕನೊಬ್ಬ ಬರುತ್ತಾನೆ. ಇಪ್ಪತ್ತರ ಹರೆಯದ ಅವನು ಲಾವೋಸ್ ದೇಶದ ಹ್ಮಾಂಗ್ ಜನಾಂಗದವನು. ನಿರಾಶ್ರಿತನಾಗಿ ಹವಾಯಿಗೆ ಬಂದಿದ್ದ. ಇಂಗ್ಲಿಷ್ ತರಗತಿಗೆ ಹೋಗದೆ, ಸುತ್ತಲಿನವರ ಮಾತಿನಿಂದಲೇ ಭಾಷೆ ಕಲಿತ. ಹ್ಯೂಬ್ನರ್ ಸುಮಾರು ಒಂದು ವರ್ಷ ಅವನ ಮಾತನ್ನು ಮುದ್ರಿಸಿಕೊಂಡರು.

ಮೊದಮೊದಲು ಅವನು ‘ದಿ’ಗೆ ಬದಲಾಗಿ ಬಳಸುತ್ತಿದ್ದ ‘ಡ’ ಕೆಲವೇ ಕಡೆ, ತನ್ನದೇ ಒಂದು ಕಟ್ಟಳೆಗೆ ಅನುಸಾರವಾಗಿ ಬರುತ್ತಿತ್ತು. ಆಮೇಲೆ ಪ್ರವಾಹ ಬಂದಂತೆ ಹೆಚ್ಚುಕಡಿಮೆ ಎಲ್ಲ ನಾಮಪದಗಳಿಗೂ ಅಂಟಿಕೊಂಡಿತು. ಆ ಹಂತದಲ್ಲಿ ಅವನಿಗೆ ಪರೀಕ್ಷೆ ಕೊಟ್ಟಿದ್ದರೆ ಅಂಕ ಕಡಿಮೆಯೇ ಬರುತ್ತಿತ್ತು. ಆದರೆ ನಂತರ ‘ಡ’ ಬೇಡದ ಕಡೆಗಳಿಂದ ಒಂದೊಂದಾಗಿ ಹಿಂದೆ ಸರಿಯಿತು, ಇಂಗ್ಲಿಷಿನ ಬಳಕೆಗೆ ಹತ್ತಿರವಾಯಿತು. ತಪ್ಪು ಹೆಚ್ಚಿದ್ದ ಕಾಲವೇ ಕಲಿಕೆ ಮುನ್ನಡೆಯುತ್ತಿದ್ದ ಕಾಲವಾಗಿತ್ತು. ನಿಮ್ಮ ಬರವಣಿಗೆಯಲ್ಲಿ ಇದ್ದಕ್ಕಿದ್ದಂತೆ ‘ದಿ’ಗಳು ತುಂಬಿಕೊಂಡರೆ ಈ ಯುವಕನನ್ನು ನೆನೆಯಿರಿ.

‘ಅನ್ನು’ ಮತ್ತು ‘ದಿ’

2004ರಲ್ಲಿ ಟಾನಿಯಾ ಅಯೋನಿನ್ ಮತ್ತು ಸಂಗಡಿಗರು ರಷ್ಯನ್, ಕೊರಿಯನ್ ಭಾಷಿಕರ ತಪ್ಪುಗಳಲ್ಲಿ ಒಂದು ನಿಯಮವನ್ನು ಗುರುತಿಸಿದರು. ಇಂಗ್ಲಿಷಿನಲ್ಲಿ ‘ದಿ’ ಬರಬೇಕಾದರೆ ವಸ್ತು ಯಾವುದೆಂದು ಹೇಳುವವನಿಗೂ ಕೇಳುವವನಿಗೂ ತಿಳಿದಿರಬೇಕು. ಆದರೆ ಈ ಕಲಿಯುವವರು ತಮ್ಮ ಮನಸ್ಸಿನಲ್ಲಿ ಒಂದು ನಿರ್ದಿಷ್ಟ ವಸ್ತು ಇದ್ದರೆ ಸಾಕು, ಕೇಳುವವನಿಗೆ ತಿಳಿಯದಿದ್ದರೂ, ಹಲವು ಸಲ ‘ದಿ’ ಹಾಕುತ್ತಿದ್ದರು. ಅಯೋನಿನ್ ಮತ್ತು ಇತರರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರ್ಟಿಕಲ್ ಇರುವ ಸ್ಪ್ಯಾನಿಷ್ ಭಾಷಿಕರಲ್ಲಿ ಈ ತಪ್ಪು ಕಾಣಲಿಲ್ಲ.

ಕನ್ನಡಿಗರಿಗೆ ಇದು ಕುತೂಹಲದ ವಿಷಯ. “ಪುಸ್ತಕ ಹುಡುಕುತ್ತಿದ್ದೇನೆ” ಎಂಬುದಕ್ಕೂ “ಪುಸ್ತಕವನ್ನು ಹುಡುಕುತ್ತಿದ್ದೇನೆ” ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಕಿವಿಗೊಟ್ಟು ಕೇಳಿ. ಮೊದಲನೆಯದು ಯಾವುದಾದರೂ ಪುಸ್ತಕ ಆಗಬಹುದು. ಎರಡನೆಯದರಲ್ಲಿ ಹುಡುಕುವವನ ಮನಸ್ಸಿನಲ್ಲಿ ಒಂದು ನಿರ್ದಿಷ್ಟ ಪುಸ್ತಕವಿದೆ. ಕನ್ನಡದ ದ್ವಿತೀಯಾ ವಿಭಕ್ತಿಯ ಈ ಗುಣದ ಬಗ್ಗೆ ಅಮೆರಿಕದ ಜೆಫ್ರಿ ಲಿಡ್ಜ್ 2006ರಲ್ಲಿ ಪ್ರಬಂಧವನ್ನೇ ಬರೆದಿದ್ದಾರೆ. ನಮ್ಮ ‘ಅನ್ನು’ ಹೇಳುವವನ ಮನಸ್ಸನ್ನು ನೋಡುತ್ತದೆ. ಇಂಗ್ಲಿಷಿನ ‘ದಿ’ ಕೇಳುವವನ ಮನಸ್ಸನ್ನೂ ನೋಡುತ್ತದೆ. ‘ಅನ್ನು’ ಇದ್ದಲ್ಲೆಲ್ಲ ‘ದಿ’ ಹಾಕಿದರೆ ತಪ್ಪಾಗುವುದು ಈ ಕಾರಣದಿಂದ.

ಇದರ ಜೊತೆಗೆ ಕಿವಿಯ ಸಮಸ್ಯೆಯೂ ಇದೆ. 1961ರ ಅಮೆರಿಕನ್ ಬರಹಗಳಿಂದ ಆಯ್ದ ಹತ್ತು ಲಕ್ಷ ಪದಗಳ ಬ್ರೌನ್ ಸಂಗ್ರಹದಲ್ಲಿ ‘ದಿ’ ಸುಮಾರು 70 ಸಾವಿರ ಸಲ ಬರುತ್ತದೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯ ಪದ ಅದೇ. ಆದರೆ ಮಾತಿನಲ್ಲಿ ಅದನ್ನು ಒತ್ತಿ ಹೇಳುವುದಿಲ್ಲ, ಬಿಟ್ಟರೂ ಸಾಮಾನ್ಯವಾಗಿ ಅರ್ಥ ಕೆಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಬರುವ ಪದವೇ ಎಲ್ಲಕ್ಕಿಂತ ಕಡಿಮೆ ಕೇಳಿಸುತ್ತದೆ. ಅರ್ಥವನ್ನು ಹಿಡಿಯುವ ಆತುರದಲ್ಲಿರುವ ವಯಸ್ಕರ ಮನಸ್ಸು ಅದನ್ನು ಬದಿಗೆ ತಳ್ಳುತ್ತದೆ.

ಬಿಟ್ಟರೆ ನಷ್ಟವೇನು?

ಹಾಗಾದರೆ ಬಿಟ್ಟೇಬಿಡೋಣವೇ? ಸ್ವಲ್ಪ ನಿಲ್ಲಿ. 1967ರ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೆಯ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಆ ವರ್ಷದ ಜೂನ್ ಯುದ್ಧದಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಇಸ್ರೇಲ್ ಸೇನೆ ಹಿಂದೆ ಸರಿಯಬೇಕೆಂದು ಅದರಲ್ಲಿದೆ. ಇಂಗ್ಲಿಷ್ ಪಾಠದಲ್ಲಿ ‘ಪ್ರದೇಶಗಳು’ ಎಂಬ ಪದದ ಮೊದಲು ‘ದಿ’ ಇಲ್ಲ. ಆದ್ದರಿಂದ ಎಲ್ಲ ಪ್ರದೇಶಗಳೆಂದು ಅರ್ಥವಲ್ಲ ಎಂದು ಒಂದು ಪಕ್ಷ ವಾದಿಸಿತು. ಫ್ರೆಂಚ್ ಪಾಠದಲ್ಲಿ ಆರ್ಟಿಕಲ್ ಸೇರಿದೆ. ಆದ್ದರಿಂದ ಎಲ್ಲವೂ ಎಂದೇ ಅರ್ಥ ಎಂದು ಇನ್ನೊಂದು ಪಕ್ಷ ಹೇಳಿತು. ಈ ವಾದ ಇಂದಿಗೂ ಮುಗಿದಿಲ್ಲ. ಒಂದು ‘ದಿ’ಯ ಇರವು, ಇಲ್ಲದಿರವುಗಳಲ್ಲಿ ಲಕ್ಷಾಂತರ ಜನರ ಮನೆ, ಹೊಲಗಳ ಪ್ರಶ್ನೆ ಸಿಕ್ಕಿಕೊಂಡಿದೆ.

ಗಣಿತದ ವಿದ್ಯಾರ್ಥಿಗಳಿಗೂ ಈ ಪದಗಳ ಬೆಲೆ ತಿಳಿದಿರುತ್ತದೆ. ಸಮೀಕರಣಕ್ಕೆ ‘ಎ ಸಲ್ಯೂಷನ್’ ಎಂದರೆ ಪರಿಹಾರ ಒಂದಾದರೂ ಉಂಟು ಎಂದಷ್ಟೇ. ‘ದಿ ಸಲ್ಯೂಷನ್’ ಎಂದರೆ ಇರುವುದು ಅದೊಂದೇ. ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1905ರಲ್ಲಿ ಈ ‘ದಿ’ಯ ತರ್ಕವನ್ನು ಬಿಡಿಸಿ ಪ್ರಸಿದ್ಧ ಪ್ರಬಂಧ ಬರೆದರು. 1918ರಲ್ಲಿ ಯುದ್ಧವಿರೋಧಿ ಬರಹಕ್ಕಾಗಿ ಬ್ರಿಕ್ಸ್‌ಟನ್ ಸೆರೆಮನೆಯಲ್ಲಿದ್ದಾಗ ಬರೆದು, 1919ರಲ್ಲಿ ಪ್ರಕಟಿಸಿದ ಗಣಿತ ತತ್ತ್ವದ ಪುಸ್ತಕದಲ್ಲಿ ಈ ಒಂದು ಪದಕ್ಕೆ ಎರಡು ಅಧ್ಯಾಯಗಳನ್ನು ಮೀಸಲಿಟ್ಟರು.

ಕಲಿಯುವ ದಾರಿ

ಬೆಂಗಳೂರಿನ ಹೆಸರು ಈ ಚರಿತ್ರೆಯಲ್ಲಿ ಗೌರವದಿಂದ ಬರುತ್ತದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದರಾಸು ಮೊದಲಾದೆಡೆಯ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಜಗತ್ತಿನ ಭಾಷಾಶಿಕ್ಷಕರು ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಬಲ್ಲರು. ರೈಲ್ವೆ ವೇಳಾಪಟ್ಟಿ ಓದಿ ಉತ್ತರಿಸುವುದು, ನಕ್ಷೆ ನೋಡಿ ದಾರಿ ಹೇಳುವುದು, ಇಂಥ ಕೆಲಸಗಳನ್ನು ಇಂಗ್ಲಿಷಿನಲ್ಲಿ ಮಾಡಿಸುತ್ತಿದ್ದರು. ವ್ಯಾಕರಣದ ಪಾಠ ಇರಲಿಲ್ಲ. ಮನಸ್ಸು ಅರ್ಥದಲ್ಲಿ ತೊಡಗಿದ್ದಾಗ ವ್ಯಾಕರಣ ತಾನಾಗಿ ನೆಲೆಗೊಳ್ಳುತ್ತದೆ ಎಂಬುದು ಪ್ರಭು ಅವರ ನಿಲುವು. 1987ರಲ್ಲಿ ಅವರು ಇದನ್ನು ಪುಸ್ತಕವಾಗಿ ಪ್ರಕಟಿಸಿದರು.

ಹಾಗಾದರೆ ಕೆಂಪುಶಾಯಿ ಬೇಡವೇ? 1996ರಲ್ಲಿ ಜಾನ್ ಟ್ರಸ್ಕಾಟ್ ಎಂಬ ವಿದ್ವಾಂಸರು, ವ್ಯಾಕರಣದ ತಿದ್ದುಪಡಿಯಿಂದ ಉಪಯೋಗವಿಲ್ಲ, ಅದನ್ನು ಬಿಟ್ಟುಬಿಡಿ ಎಂದು ವಾದಿಸಿದರು. 2008ರಲ್ಲಿ ನ್ಯೂಜಿಲೆಂಡಿನ ಜಾನ್ ಬಿಚೆನರ್ ಬೇರೆಯದೇ ಫಲ ಕಂಡರು. ಅವರು ಎಲ್ಲ ತಪ್ಪುಗಳನ್ನೂ ತಿದ್ದಲಿಲ್ಲ. ಮೊದಲ ಪ್ರಸ್ತಾಪಕ್ಕೆ ‘ಎ’, ಮರುಪ್ರಸ್ತಾಪಕ್ಕೆ ‘ದಿ’ ಎಂಬ ಎರಡೇ ಬಳಕೆಗಳನ್ನು ಆರಿಸಿಕೊಂಡು ತಿದ್ದಿದರು. ತಿದ್ದಿಸಿಕೊಂಡ ವಿದ್ಯಾರ್ಥಿಗಳು ಎರಡು ತಿಂಗಳ ನಂತರವೂ ಉಳಿದವರಿಗಿಂತ ಮುಂದಿದ್ದರು.

ಇವೆರಡನ್ನೂ ಕೂಡಿಸಿದರೆ ನಿಮಗೊಂದು ದಾರಿ ಸಿಗುತ್ತದೆ. ಪೂರ್ತಿ ಪಟ್ಟಿಯನ್ನು ಒಮ್ಮೆಗೇ ಹೊರಬೇಡಿ. ಅಜ್ಜಿಯ ಕಥೆಯ ಸೂತ್ರವೊಂದನ್ನು ಹಿಡಿಯಿರಿ. ದಿನಕ್ಕೆ ಒಂದು ಇಂಗ್ಲಿಷ್ ಪ್ಯಾರಾ ತೆಗೆದುಕೊಂಡು ಪ್ರತಿ ‘ದಿ’ಯ ಮುಂದೆ ನಿಂತು ಕೇಳಿಕೊಳ್ಳಿ: ಇದು ಯಾವುದೆಂದು ಓದುಗನಾದ ನನಗೆ ಹೇಗೆ ಗೊತ್ತು? ಮೊದಲೇ ಹೇಳಿದ್ದರಿಂದಲೇ, ಸೂರ್ಯನಂತೆ ನಮಗೆ ಒಂದೇ ಇರುವುದರಿಂದಲೇ, ಅಥವಾ ಮುಂದೆ ಬರುವ ವಿವರಣೆಯಿಂದಲೇ? ಬರೆಯುವಾಗ ಅದೇ ಪ್ರಶ್ನೆಯನ್ನು ನಿಮ್ಮ ಓದುಗನ ಪರವಾಗಿ ಕೇಳಿ. ಮಾತನಾಡುವಾಗ ಮಾತ್ರ ಆ ಲೆಕ್ಕವನ್ನು ಬದಿಗಿಟ್ಟು ಹೇಳಬೇಕಾದುದನ್ನು ಹೇಳಿ.

ಚಂದ್ರನ ಮೇಲೆ ನಿಂತವರ ವಾಕ್ಯದಲ್ಲಿ ‘ಎ’ ಕೇಳಿಸಲಿಲ್ಲ. ಆದರೂ ಜಗತ್ತು ಅವರ ಮಾತನ್ನು ಅರ್ಥಮಾಡಿಕೊಂಡಿತು, ಇಂದಿಗೂ ನೆನಪಿಟ್ಟಿದೆ. ಮುಂದಿನ ಸಲ ಸಭೆಯಲ್ಲಿ ಯಾರಾದರೂ “ಪ್ರಶ್ನೆಗಳಿವೆಯೇ?” ಎಂದು ಕೇಳಿದಾಗ, ನಿಮ್ಮಲ್ಲಿ ಪ್ರಶ್ನೆ ಇದ್ದರೆ ಎದ್ದು ನಿಲ್ಲಿ. ‘ದಿ’ ತಪ್ಪಿದರೆ ಮನೆಗೆ ಹೋಗಿ ತಿದ್ದಿಕೊಳ್ಳಬಹುದು. ಕೇಳದೆ ಬಿಟ್ಟ ಪ್ರಶ್ನೆಯನ್ನು ಮನೆಯಲ್ಲಿ ತಿದ್ದಲಾಗುವುದಿಲ್ಲ.